ಎರಡು ನಲವತ್ತಕ್ಕೆ ಕಲಸಿದ ಔಷಧಿ

"ಆ ಗ್ಲೌಸ್ ತೆಗಿ, ಕೈ ನೋಡ್ಬೇಕು" ಅಂದೆ, ಅಷ್ಟೆ. ಗೂಳಿ ನನ್ನ ಕುತ್ತಿಗೆಗೇ ಕೈ ಹಾಕಿದ.

ಎರಡೂ ಕೈಯಲ್ಲಿ ಹಿಡಿದು ಎತ್ತಿ ಗೋದಾಮಿನ ಕಬ್ಬಿಣದ ಕಪಾಟಿಗೆ ಒತ್ತಿದ. ಒಂದು ಕಾಲಿನ ಚಪ್ಪಲಿ ಜಾರಿ ಬಿತ್ತು. ಚಿಕ್ಕಂದಿನಲ್ಲಿ ನನ್ನ ತಂಗಿಗೆ ಗುಳಿಗೆ ತೋರಿಸಿದರೆ ಸಾಕು, ಗಂಟಲು ಕಟ್ಟಿ ಕಣ್ಣುಗುಡ್ಡೆ ಮೇಲೆ ಮಾಡುತ್ತಿದ್ದಳು. ನಾಟಕ ಆಡ್ತಾಳೆ ಎಂದು ನಾನು ನಗುತ್ತಿದ್ದೆ. ಗಂಟಲು ಮುಚ್ಚಿದರೆ ಹೇಗಿರುತ್ತದೆ ಎಂದು ಐವತ್ತೆರಡನೇ ವಯಸ್ಸಿನಲ್ಲಿ ನನಗೂ ಗೊತ್ತಾಯಿತು.

"ಮೂಗಮ್ಮ, ಕಂಡಕಂಡಲ್ಲಿ ಮೂಗು ತೂರಿಸ್ತೀಯಲ್ಲ, ಇವತ್ತು ಕೊಯ್ದು ಕೈಗೆ ಕೊಡ್ತೀನಿ" ಎಂದ. ಅವನ ಎಂಜಲು ನನ್ನ ಮುಖಕ್ಕೆ ಹಾರಿತು.

ಹದಿನೆಂಟು ವರ್ಷ ಪೊಲೀಸಿನಲ್ಲಿ ದುಡಿದು ನನ್ನ ಒಂದು ಮಂಡಿ ಸವೆದಿದೆ, ನಿಜ. ಆದರೆ ಒಂದೇ ಮಂಡಿ. ಇನ್ನೊಂದನ್ನು ಎತ್ತಿ ಅವನ ತೊಡೆಸಂದಿಗೆ ಹಾಕಿದೆ.

ಹಿಡಿತ ಸಡಿಲವಾಯಿತು. ನಾನು ನೆಲಕ್ಕೆ ಬಿದ್ದೆ, ನನ್ನ ಮೇಲೆ ಕೆಮ್ಮಿನ ಔಷಧಿಯ ಎರಡು ಪೆಟ್ಟಿಗೆ ಬಿದ್ದವು. ಎದ್ದು ನೋಡುವಷ್ಟರಲ್ಲಿ ಪೆಟ್ಟಿಗೆ ಕೊಯ್ಯುವ ಬ್ಲೇಡು ಅವನ ಕೈಗೆ ಬಂದಿತ್ತು. ಬೀಸಿದ. ನನ್ನ ಎಡಗೈ ಮುಂಗೈಯಿಂದ ಮೊಣಕೈ ತನಕ ಸೀಳಿತು. ನೋವು ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು, ಯಾಕೆಂದರೆ ಅಂಗಿ ಹೊಸದು.

ಪಕ್ಕದಲ್ಲಿ ಸರಕು ತಳ್ಳುವ ಗಾಡಿ ಇತ್ತು. ಎರಡೂ ಕೈಯಲ್ಲಿ ಹಿಡಿದು ಅವನ ಮೊಣಕಾಲಿಗೆ ನುಗ್ಗಿಸಿದೆ. ಗೂಳಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ, ನೂರಾ ಹತ್ತು ಕಿಲೋ ಆಳು. ಬಿದ್ದಾಗ ಕಪಾಟಿನ ಬಾಟಲಿಗಳೆಲ್ಲ ಗಲಗಲ ಅಂದವು. ಹಣೆ ಸಿಮೆಂಟಿಗೆ ಬಡಿದು ರಕ್ತ ಚಿಮ್ಮಿತು. ಅವನ ಬೆನ್ನ ಮೇಲೆ ಕೂತು, ಕೈ ಹಿಂದಕ್ಕೆ ತಿರುಚಿ, ಪೆಟ್ಟಿಗೆಗೆ ಅಂಟಿಸುವ ಅಗಲದ ಟೇಪಿನಿಂದ ಮಣಿಕಟ್ಟು, ಕಣಕಾಲು ಎರಡನ್ನೂ ಸುತ್ತಿದೆ. ನಾಲ್ಕು ನಾಲ್ಕು ಸುತ್ತು.

ಆಮೇಲೆ ನಿಧಾನವಾಗಿ ಬಲಗೈ ಗ್ಲೌಸ್ ಎಳೆದೆ.

ಈ ಕೈಗಾಗಿ ನಾನು ಮೂರು ದಿನದಿಂದ ಊರೆಲ್ಲ ಸುತ್ತಿದ್ದೆ. ಶನಿವಾರ ಮಧ್ಯಾಹ್ನ ಇವನ ಅಣ್ಣ, ಎಲ್ಲರ ಬಾಯಲ್ಲೂ ಯಜಮಾನರು, ತಮ್ಮ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ತಲೆ ಜಜ್ಜಿಸಿಕೊಂಡು ಸತ್ತಿದ್ದರು. ಕುಟ್ಟಾಣಿಯ ಕಲ್ಲಿನ ಬಟ್ಟಲು ಮೇಜಿನ ಮೇಲೇ ಇತ್ತು, ಅದರ ಗುಂಡು ಮಾತ್ರ ಸಿಕ್ಕಿರಲಿಲ್ಲ. ಅಂಗಡಿಯಿಂದ ಮನೆಮನೆಗೆ ಸೈಕಲ್ಲಿನಲ್ಲಿ ಔಷಧಿ ಮುಟ್ಟಿಸುವ ನನ್ನ ತಂಗಿಯ ಗಂಡ ಹೆಣದ ಪಕ್ಕದಲ್ಲಿ ಕೈಗೆ ರಕ್ತ ಮಾಡಿಕೊಂಡು ನಿಂತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಇಲಾಖೆಯಲ್ಲಿ ನಾನೂ ಇದ್ದವಳು. ಅವನನ್ನೇ ಎಳೆದುಕೊಂಡು ಹೋದರು. ಹೇಗಾದರೂ ಬಿಡಿಸು ಎಂದು ತಂಗಿ ನನ್ನ ಕಾಲು ಹಿಡಿದಳು.

ಆದರೆ ಯಜಮಾನರು ಸಾಯುವ ಮೊದಲು ಕೊಂದವರ ಕೈ ಕಚ್ಚಿದ್ದರು. ಎರಡು ಹಲ್ಲು ಮುರಿದಿತ್ತು, ಬಾಯಲ್ಲಿ ಬೇರೆಯವರ ಚರ್ಮ ಇತ್ತು. ಅದರ ಪರೀಕ್ಷೆಯ ವರದಿ ಬರಲು ತಿಂಗಳು ಬೇಕು. ಅಷ್ಟು ದಿನ ಲಾಕಪ್ಪಿನಲ್ಲಿ ಏಟು ತಿಂದು ಉಳಿಯುವ ಮೈ ನನ್ನ ತಂಗಿ ಗಂಡನದಲ್ಲ.

ಮನುಷ್ಯನ ಹಲ್ಲು ನಾಯಿ ಹಲ್ಲಿಗಿಂತ ಕೊಳಕು. ಚರ್ಮದೊಳಕ್ಕೆ ಇಳಿದರೆ ಎರಡೇ ದಿನದಲ್ಲಿ ಕೈ ಬಾತು ಕೀವು ತುಂಬುತ್ತದೆ, ಆಂಟಿಬಯಾಟಿಕ್ ಹೊಟ್ಟೆಗೆ ಹೋಗಲೇಬೇಕು. ತಂಗಿ ಗಂಡನ ಕೈಯಲ್ಲೂ ಒಂದು ಗಾಯ ಇತ್ತು, ಪೊಲೀಸರ ಪಾಲಿಗೆ ಅದೇ ಹಲ್ಲಿನ ಗುರುತು. ಆದರೆ ಅದು ಒಂದು ಗುಳಿಗೆ ಇಲ್ಲದೆ ಮೂರೇ ದಿನದಲ್ಲಿ ಒಣಗಿತ್ತು. ಅದು ಹಲ್ಲಿನದಲ್ಲ, ಶಟರ್ ತಗಡಿನದು.

ಇನ್ನೊಂದು ಸಂಗತಿ ಇತ್ತು. ಹೆಣದ ಪಕ್ಕದ ಸಿಂಕಿನಲ್ಲಿ ಗುಲಾಬಿ ಬಣ್ಣದ ಪುಡಿ ಚೆಲ್ಲಿತ್ತು, ಒಂದು ಬಾಟಲಿಯ ಸೀಲು ಬಿದ್ದಿತ್ತು. ಯಜಮಾನರ ಸ್ವಂತ ಕಪಾಟಿನಿಂದ ಮಕ್ಕಳ ಆಂಟಿಬಯಾಟಿಕ್ ಬಾಟಲಿಯೊಂದು ಮಾಯವಾಗಿತ್ತು. ಅದು ಪುಡಿಯಾಗಿ ಬರುತ್ತದೆ, ಕೊಡುವಾಗ ಕಾಯಿಸಿ ಆರಿಸಿದ ನೀರು ಹಾಕಿ ಕುಲುಕಬೇಕು. ಕೊಂದವರು ಹೆಣ ಬಿಸಿಯಿರುವಾಗಲೇ ಅದರ ಪಕ್ಕ ನಿಂತು ಔಷಧಿ ಕಲಸಿದ್ದರು. ಅಂಥ ಗುಂಡಿಗೆ ಯಾರದು? ಕೈ ಚಾಚಿದರೆ ಸಿಗುವಷ್ಟು ಹತ್ತಿರ ದೊಡ್ಡವರ ಗುಳಿಗೆ ರಾಶಿ ಬಿದ್ದಿರುವಾಗ ಮಕ್ಕಳ ಔಷಧಿ ಯಾಕೆ ಬೇಕಿತ್ತು? ಈ ಎರಡನೇ ಪ್ರಶ್ನೆ ಹಲ್ಲಿನ ಸಂದಿಯ ನಾರಿನ ಹಾಗೆ ಮೂರು ದಿನದಿಂದ ನನ್ನನ್ನು ಕಾಡುತ್ತಿತ್ತು.

ಅಣ್ಣ ಸತ್ತ ಮರುದಿನದಿಂದ ಗೂಳಿ ಬಲಗೈಗೆ ಗ್ಲೌಸ್ ಹಾಕಿಕೊಂಡೇ ಓಡಾಡುತ್ತಿದ್ದ. ಔಷಧಿಯ ಸಗಟು ಗೋದಾಮೇ ಇವನದು. ಇನ್ನೇನು ಬೇಕು?

ಗ್ಲೌಸ್ ಬಂತು. ಕೈ ಕಾಣಿಸಿತು. ಹಲ್ಲಿನ ಗುರುತು ಒಂದೂ ಇರಲಿಲ್ಲ.

ಬೆರಳ ತುದಿಗಳು ಬೆಳ್ಳಗೆ ಸುಲಿದು ಹಸಿಯಾಗಿದ್ದವು. ಉಗುರಿನ ಸಂದಿಯಲ್ಲಿ ನೀಲಿ ಶಾಯಿ ಕೂತಿತ್ತು. ಮೂಗಿಗೆ ಥಿನ್ನರ್ ವಾಸನೆ ಹೊಡೆಯಿತು, ಬಣ್ಣ ಹಚ್ಚುವವರು ಕುಂಚ ತೊಳೆಯುತ್ತಾರಲ್ಲ, ಅದು.

"ಏನಿದು?"

"ನನ್ನ ಕೈ, ನನ್ನಿಷ್ಟ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೇಳಲು ಬಂದದ್ದು ಕೊಲೆಯ ವಿಷಯ. ಇವನು ಹೆದರಿ ಮೇಲೆ ಬಿದ್ದದ್ದು ಬೇರೇನಕ್ಕೋ. ಕೈಯ ರಕ್ತಕ್ಕೆ ಹತ್ತಿ ಸುತ್ತಿಕೊಂಡು ಗೋದಾಮಿನ ಮೂಲೆಗೆ ಹೋಗಿ ಪರದೆ ಸರಿಸಿದೆ.

ಒಂದು ಮೇಜು, ಥಿನ್ನರ್ ಡಬ್ಬಿ, ಹತ್ತಿ, ದಿನಾಂಕ ಒತ್ತುವ ಮುದ್ರೆ, ನೀಲಿ ಶಾಯಿ. ಮಕ್ಕಳ ಗುಲಾಬಿ ಆಂಟಿಬಯಾಟಿಕ್ ಬಾಟಲಿಗಳು ಸಾಲಾಗಿ ನಿಂತಿದ್ದವು. ಮೊದಲ ಸಾಲಿನಲ್ಲಿ ಎರಡು ವರ್ಷದ ಹಿಂದೆಯೇ ಅವಧಿ ಮುಗಿದ ದಿನಾಂಕ. ನಡುವಿನ ಸಾಲಿನಲ್ಲಿ ದಿನಾಂಕವೇ ಇಲ್ಲ. ಕೊನೆಯ ಸಾಲಿನಲ್ಲಿ ಹೊಸ ದಿನಾಂಕ, ಶಾಯಿ ಇನ್ನೂ ಹೊಳೆಯುತ್ತಿತ್ತು.

ದಿನಾಂಕದ ಮುದ್ರೆ ಕೈಗೆತ್ತಿಕೊಂಡೆ.

ನನ್ನ ತಂಗಿಗೆ ಒಂದು ಕೂಸಿತ್ತು. ಪುಟ್ಟಿ ಎನ್ನುತ್ತಿದ್ದೆವು, ಹತ್ತು ತಿಂಗಳು. ಮೂರು ತಿಂಗಳ ಹಿಂದೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಡಾಕ್ಟರ್ ಇದೇ ಗುಲಾಬಿ ಔಷಧಿ ಬರೆದರು. ಮದುವೆಗೆ ಮುಂಚಿನಿಂದ ಆರು ವರ್ಷ ಅದೇ ಅಂಗಡಿಯಲ್ಲಿ ಕೆಲಸ ಮಾಡಿದವಳು ನನ್ನ ತಂಗಿ, ಔಷಧಿ ತಾನೇ ಕಲಸಿದಳು. ಎಂಟು ಗಂಟೆಗೊಮ್ಮೆ ಅಲಾರಂ ಇಟ್ಟು ಕುಡಿಸಿದಳು. ಒಂದು ಹೊತ್ತೂ ತಪ್ಪಿಸಲಿಲ್ಲ. ಆರನೇ ದಿನ ಕೂಸು ಹೋಯಿತು. "ಔಷಧಿ ಹಿಡೀಲಿಲ್ಲ" ಎಂದರು ಡಾಕ್ಟರ್.

ಮುದ್ರೆ ಕೈಯಲ್ಲಿ ಹಿಡಿದುಕೊಂಡೇ ಗೂಳಿಯ ಹತ್ತಿರ ಬಂದೆ.

"ಎಷ್ಟು ದಿನದಿಂದ?"

"ವಕೀಲರಿಗೆ ಹೇಳ್ತೀನಿ."

ಮುದ್ರೆ ಹಿತ್ತಾಳೆಯದು. ಅದರಿಂದಲೇ ಬಾಯಿಗೆ ಬಾರಿಸಿದೆ. ಮುಂದಿನ ಹಲ್ಲು ಒಂದು ತುಟಿ ಸೀಳಿಕೊಂಡು ಹೊರಗೆ ಬಂತು. ಸರಿ ಮಾಡಿದೆ ಎನ್ನುವುದಿಲ್ಲ. ಆದರೆ ಸುಳ್ಳು ಯಾಕೆ, ಇನ್ನೊಂದು ಬಾರಿಸಲು ಕೈ ಎತ್ತಿದ್ದೆ.

"ಒಂದು ವರ್ಷದಿಂದ!" ಎಂದು ಕೂಗಿದ. "ಅದೇನೂ ವಿಷ ಅಲ್ಲ ಕಣೇ! ಹಳೇದಾದ್ರೆ ಪವರ್ ಕಮ್ಮಿ ಆಗುತ್ತೆ, ಅಷ್ಟೆ. ಯಾರೂ ಸಾಯಲ್ಲ!"

"ನಿಮ್ಮಣ್ಣ ಎಷ್ಟು ಪಾಲು ತಗೋತಿದ್ರು?"

"ಅಣ್ಣನಿಗೆ ಗೊತ್ತೇ ಇರ್ಲಿಲ್ಲ." ರಕ್ತ ಉಗಿದು ಅಳತೊಡಗಿದ. ಇಷ್ಟು ದೊಡ್ಡ ಆಳು ಅಳುವುದನ್ನು ನೋಡಲು ಅಸಹ್ಯವಾಯಿತು. "ತಮ್ಮ ಕೊಟ್ಟಿದ್ದು ಅಂತ ಕಣ್ಮುಚ್ಕೊಂಡು ಇಟ್ಕೋತಿದ್ದ. ಗೊತ್ತಾಗಿದ್ರೆ ನನ್ನ ಚರ್ಮ ಸುಲೀತಿದ್ದ. ದೇವರಾಣೆ, ಅವನನ್ನ ನಾನು ಮುಟ್ಟಿಲ್ಲ."

ನಂಬಿದೆ. ಕೈಯೇ ಸಾಕ್ಷಿ ಹೇಳುತ್ತಿತ್ತು. ಅಂಗಡಿಯಿಂದ ಮಾಯವಾದ ಬಾಟಲಿಯೂ ಇದೇ ಸರಕು ಎಂದ. ಹಾಗಾದರೆ ಕೊಂದವರು ಕುಡಿಯುತ್ತಿರುವುದೂ ಹಲ್ಲು ಕಿತ್ತ ಹಾವು. ಇಷ್ಟರಲ್ಲಿ ಅವರ ಕೈ ಕೊಳೆಯುತ್ತಿರಬೇಕು.

ಅವನ ಬಾಯಿಗೂ ಟೇಪ್ ಸುತ್ತಿ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದೆ.

"ಮೇಡಂ, ನೀವಿನ್ನು ಓಡಾಡ್ಬೇಡಿ" ಎಂದ. ಒಂದು ಕಾಲದಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತವನು. "ನಿಮ್ಮ ತಂಗಿ ಗಂಡ ಬೆಳಗ್ಗೆ ಒಪ್ಕೊಂಡ. ನಾನೇ ಹೊಡೆದೆ ಅಂತ ಬರೆದು ಸಹಿ ಹಾಕಿದಾನೆ. ನಾಳೆ ಹತ್ತಕ್ಕೆ ಕೋರ್ಟು."

"ಎಷ್ಟು ಏಟು ಹೊಡೆದ್ರಿ?"

"ಇವತ್ತು ಒಂದೂ ಇಲ್ಲ ಮೇಡಂ. ನಿನ್ನೆ ಸಂಜೆ ಅವನ ಹೆಂಡ್ತಿಗೆ ಮೈ ಸುಡ್ತಿದೆ ಅಂತ ಯಾರೋ ಹೇಳಿದ್ರು. ರಾತ್ರಿಯೆಲ್ಲ ಕೂತಿದ್ದು ಬೆಳಗ್ಗೆ ತಾನೇ ಪೇಪರ್ ಕೇಳಿದ."

ಗೋದಾಮಿನ ವಿಷಯ ಹೇಳಿದೆ. ನಾಲ್ಕು ಗಂಟೆಗೆ ಬರುತ್ತೇನೆ, ಅಲ್ಲಿವರೆಗೆ ಬೀಗ ಹಾಕಿಡಿ ಎಂದ. ಥಿನ್ನರ್ ಹಚ್ಚಿದ ಹತ್ತಿ, ಮುದ್ರೆ ಎರಡನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು, ಶಟರ್ ಎಳೆದು, ಬೀಗ ಜಡಿದೆ. ಬೀಗದ ಕೈ ಕಿಸೆಯಲ್ಲಿ. ತಂಗಿಯ ಮನೆ ಅಲ್ಲಿಂದ ಎರಡೇ ಬೀದಿ. ಮಗು ಯಾಕೆ ಸತ್ತಿತು ಎಂದು ಬೇರೆ ಯಾರ ಬಾಯಿಂದಲೋ ಅವಳು ಕೇಳಬಾರದು, ನಾನೇ ಹೇಳಬೇಕು ಎನಿಸಿತು. ನಾಲ್ಕರ ತನಕ ಅಲ್ಲೇ ಕಾದಿದ್ದರೆ ಏನು ಗಂಟು ಹೋಗುತ್ತಿತ್ತು?

ಬಾಗಿಲು ತೆರೆದಾಗ ತಂಗಿ ಶಾಲು ಹೊದ್ದಿದ್ದಳು. ಬಿಸಿಲು ಸುಡುತ್ತಿತ್ತು, ಇವಳು ಗದಗುಟ್ಟುತ್ತಿದ್ದಳು. ಭಾನುವಾರವೂ ಹೀಗೇ ಹೊದ್ದಿದ್ದಳು, ಕಾಫಿ ಲೋಟ ಎಡಗೈಯಲ್ಲಿ ಕೊಟ್ಟಿದ್ದಳು. ಗಂಡನ ಚಿಂತೆ, ಮಗುವಿನ ದುಃಖ ಎಂದುಕೊಂಡಿದ್ದೆ.

"ಅಕ್ಕ! ಏನಿದು ರಕ್ತ?"

"ಗೂಳಿ ಗುದ್ದಿದ. ಹೆದರ್ಬೇಡ, ಅವನಿಗೆ ಇದಕ್ಕಿಂತ ಜಾಸ್ತಿ ಬಿದ್ದಿದೆ. ಟೇಪಲ್ಲಿ ಸುತ್ತಿ ಗೋದಾಮಲ್ಲಿ ಬೀಗ ಹಾಕಿ ಬಂದಿದೀನಿ." ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟೆ. ಸ್ವಲ್ಪ ಜಂಬದಿಂದಲೇ ಇಟ್ಟೆ. "ಕೂತ್ಕೋ. ಒಂದು ಮಾತು ಹೇಳ್ಬೇಕು. ಪುಟ್ಟಿಗೆ ಕುಡಿಸಿದ ಔಷಧಿ ಹಳೇದು. ದಿನಾಂಕ ಅಳಿಸಿ ಹೊಸದು ಒತ್ತಿ ಮಾರ್ತಿದ್ರು."

ಅವಳು ಕಿರುಚುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ತಯಾರಾಗಿದ್ದೆ. ಅವಳು ಶಾಲು ಬಿಗಿ ಮಾಡಿಕೊಂಡಳು, ಅಷ್ಟೆ.

"ಅಣ್ಣ ತಮ್ಮ ಇಬ್ಬರೂ ಸೇರಿ ಕೊಂದ್ರು ನನ್ನ ಕೂಸನ್ನ" ಎಂದಳು.

ಗೂಳಿ ಹಿಸುಕಿದ ನನ್ನ ಕುತ್ತಿಗೆ ಊದಿತ್ತು. ಐಸ್ ತರಲು ಅಡುಗೆಮನೆಗೆ ಹೋಗಿ ಫ್ರಿಜ್ ತೆಗೆದೆ.

ಆ ಫ್ರಿಜ್ ನೋಡಿದರೆ ಯಾರಿಗಾದರೂ ನಗು ಬರಬೇಕು. ಹಾಲಿನ ಪಾತ್ರೆಯ ಮೇಲೆ ಚೀಟಿ, ಹಣ್ಣಿನ ರಸದ ಮೇಲೆ ಚೀಟಿ. ಯಾವ ವಾರ, ಎಷ್ಟು ಗಂಟೆಗೆ ಮಾಡಿದ್ದು ಎಲ್ಲ ಬರೆದಿರುತ್ತಾಳೆ. ಕಲಸಿದ ಔಷಧಿ ಏಳು ದಿನ ಮಾತ್ರ ನಿಲ್ಲುತ್ತದೆ, ಹಾಗಾಗಿ ಕಲಸಿದ ಕೂಡಲೇ ಬಾಟಲಿಯ ಮೇಲೆ ವಾರ, ಗಂಟೆ ಬರೆಯಲೇಬೇಕು ಎಂದು ಯಜಮಾನರು ತಮ್ಮ ಅಂಗಡಿಯವರಿಗೆ ಗೆಣ್ಣಿಗೆ ಹೊಡೆದು ಕಲಿಸಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಲಿತ ಗುಣವೂ ಹೋಗುವುದಿಲ್ಲ.

ಹಾಲಿನ ಪಾತ್ರೆಯ ಹಿಂದೆ ಗುಲಾಬಿ ಬಾಟಲಿ ಇತ್ತು.

ಮಗು ಇಲ್ಲದ ಮನೆ. ಮೂರು ತಿಂಗಳಾಯಿತು. ಬಾಟಲಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ತಳದಲ್ಲಿ ಎರಡು ಚಮಚದಷ್ಟು ಉಳಿದಿತ್ತು. ಲೇಬಲ್ಲಿನ ಮೇಲೆ ಪೆನ್ನಿನಲ್ಲಿ ಬರೆದಿತ್ತು: ಶನಿವಾರ, 2.40. ಅಕ್ಷರ ಅಡ್ಡಾದಿಡ್ಡಿ, ಎಡಗೈಯಲ್ಲಿ ಬರೆದದ್ದು.

ಶನಿವಾರ ಎರಡೂ ಇಪ್ಪತ್ತಕ್ಕೆ ಯಜಮಾನರು ಅಂಗಡಿಯ ಬಾಗಿಲಲ್ಲಿ ನಿಂತಿದ್ದನ್ನು ಎದುರಿನ ದರ್ಜಿ ನೋಡಿದ್ದ. ಎರಡೂ ಮುಕ್ಕಾಲಿಗೆ ಶಟರ್ ಬಿದ್ದ ಸದ್ದು ಕೇಳಿದ್ದ. ನಡುವೆ ಆ ಕೋಣೆಯಲ್ಲಿ ನೀರು ಹಾಕಿ ಔಷಧಿ ಕಲಸಿದವರು ಒಬ್ಬರೇ.

ಗುಳಿಗೆ ರಾಶಿ ಇದ್ದರೂ ಮಕ್ಕಳ ಔಷಧಿ ಯಾಕೆ ಎಂದು ಮೂರು ದಿನ ತಲೆ ಕೆರೆದುಕೊಂಡೆನಲ್ಲ! ಗುಳಿಗೆ ನುಂಗಲಾರದವಳನ್ನು ಬಾಲ್ಯದಿಂದ ಎತ್ತಿ ಆಡಿಸಿದವಳು ನಾನು. ದೀಪದ ಬುಡದಲ್ಲೇ ಕತ್ತಲೆ. ನನ್ನ ಮೂಗಿಗೆ ಬೆಂಕಿ ಹಾಕ.

"ಅದನ್ನ ಅಲ್ಲೇ ಇಡು ಅಕ್ಕ. ಇನ್ನೊಂದು ಹೊತ್ತಿಗಿದೆ."

ಬಾಗಿಲಲ್ಲಿ ನಿಂತಿದ್ದಳು. ಶಾಲು ಕೆಳಗೆ ಬಿದ್ದಿತ್ತು. ಬಲಗೈ ಮಣಿಕಟ್ಟಿನಲ್ಲಿ ಹಲ್ಲಿನ ಎರಡು ಕಮಾನು ಕಪ್ಪಗೆ ಕೂತಿದ್ದವು, ನಡುವೆ ಕೀವು ಹಳದಿಯಾಗಿ ಒಸರುತ್ತಿತ್ತು. ಕೈ ಮೊಣಕೈ ತನಕ ಬಾತು ಹೊಳೆಯುತ್ತಿತ್ತು. ಅಲ್ಲಿಂದ ಕಂಕುಳಿನ ಕಡೆಗೆ ಒಂದು ಕೆಂಪು ಗೆರೆ ಹತ್ತುತ್ತಿತ್ತು.

"ಅಯ್ಯೋ ನನ್ನ ಕಂದ" ಎಂದುಬಿಟ್ಟೆ. ಪತ್ತೇದಾರಿಕೆ ಹಾಳಾಗಿ ಹೋಗಲಿ. "ಯಾಕೆ ಹೇಳ್ಲಿಲ್ಲ ನಂಗೆ?"

"ನೀನು ಪೊಲೀಸು."

"ಬಿಟ್ಟು ಎಷ್ಟು ವರ್ಷ ಆಯ್ತು!"

"ಬಿಟ್ಟಿದೀಯಾ?" ಎಂದಳು.

ಗೋಡೆಗೆ ಒರಗಿ ಕುಸಿದು ಕೂತಳು. ಒಂದೇ ಉಸಿರಿನಲ್ಲಿ ಹೇಳಿದಳು. ಕಳೆದ ವಾರ ಪುಟ್ಟಿಯ ಸಾಮಾನು ಎತ್ತಿಡುವಾಗ ಹಳೆಯ ಬಾಟಲಿಯ ಮೇಲೆ ಉಗುರುಬಣ್ಣ ತೆಗೆಯುವ ನೀರು ಚೆಲ್ಲಿತ್ತು. ಒರೆಸಿದರೆ ದಿನಾಂಕವೇ ಬಟ್ಟೆಗೆ ಬಂತು, ಕೆಳಗೆ ಇನ್ನೊಂದು ದಿನಾಂಕ ಮಸುಕಾಗಿ ಕಂಡಿತು. ಶನಿವಾರ ಅದನ್ನು ಹಿಡಿದುಕೊಂಡು ಅಂಗಡಿಗೆ ಹೋದಳು.

"ನಂಗೊತ್ತಿಲ್ಲಮ್ಮ, ಕೊಡಿಲ್ಲಿ ನೋಡ್ತೀನಿ ಅಂತ ಬಾಟ್ಲಿಗೆ ಕೈ ಹಾಕಿದ್ರು. ಸಾಕ್ಷಿ ಕಿತ್ಕೋತಾರೆ ಅನ್ನಿಸ್ತು. ಗುಂಡು ಕೈಗೆ ಸಿಕ್ತು. ಒಂದೇ ಏಟಿಗೆ ಬಿದ್ರು ಅಕ್ಕ, ಆದ್ರೆ ಸುಮ್ಮನಾಗ್ಲಿಲ್ಲ. ಕೂಗ್ತಾನೇ ಇದ್ರು. ಬಾಯಿ ಒತ್ತಿ ಹಿಡಿದೆ. ಕಚ್ಚಿದ್ರು. ಬಿಡ್ಲೇ ಇಲ್ಲ. ಬಿಡಿಸ್ಕೊಳೋಕೆ ಹೊಡೆದೆ, ಹೊಡೆದೆ, ಹಲ್ಲು ಮುರಿಯೋವರೆಗೂ ಹೊಡೆದೆ. ಎಷ್ಟು ಅಂತ ಎಣಿಸಿಲ್ಲ."

"ಆಮೇಲೆ ನಿಂತ್ಕೊಂಡು ಔಷಧಿ ಕಲಸ್ದೆ."

"ಮನುಷ್ಯ ಕಚ್ಚಿದ್ರೆ ತಕ್ಷಣ ಶುರು ಮಾಡ್ಬೇಕು. ಅವರೇ ಕಲಿಸಿದ್ದು." ತುಟಿ ಒಣಗಿ ಬಿರಿದಿತ್ತು. "ಇವರು ಬಂದ್ರು. ನೋಡಿದ್ರು. ಒಂದು ಮಾತೂ ಆಡದೆ ನನ್ನ ಹಿಂದಿನ ಬಾಗಿಲಿಂದ ಕಳಿಸಿ ಶಟರ್ ಎಳೆದ್ರು. ಕೈ ಕುಯ್ದುಕೊಂಡಿದ್ದು ಆಗಲೇ. ಅವರನ್ನ ಬಿಡಿಸು ಅಕ್ಕ. ಅದಕ್ಕೇ ನಿನ್ನ ಕಾಲು ಹಿಡಿದಿದ್ದು."

"ಬಿಡಿಸೋದು ಆಮೇಲೆ. ಅವನು ಇವತ್ತು ಬೆಳಗ್ಗೆ ನಿನ್ನ ತಪ್ಪನ್ನ ತನ್ನ ಮೇಲೆ ಹಾಕ್ಕೊಂಡು ಸಹಿ ಮಾಡಿದಾನೆ. ಮೊದ್ಲು ಆಸ್ಪತ್ರೆಗೆ ನಡಿ, ಈ ಕೆಂಪು ಗೆರೆ ಎದೆಗೆ ಹೋದ್ರೆ ನೀನೂ ಉಳಿಯಲ್ಲ."

"ಹಲ್ಲಿನ ಗುರುತು ನೋಡಿದ ಡಾಕ್ಟರ್ ಸುಮ್ಮನಿರ್ತಾರಾ? ಬೇಡ. ಔಷಧಿ ತಗೋತಿದೀನಲ್ಲ. ಎಂಟು ಗಂಟೆಗೊಮ್ಮೆ, ಒಂದೂ ತಪ್ಪಿಸಿಲ್ಲ. ಇನ್ನೊಂದು ಹೊತ್ತು ಬಿದ್ರೆ ಇಳಿಯುತ್ತೆ."

"ಇಳಿಯಲ್ವೇ ಪೆದ್ದಿ! ಇದೂ ಅದೇ ಸರಕು!"

ಅವಳು ನಕ್ಕಳು. ಜ್ವರದ ನಗು. "ನಾನೇನು ಮಾರೋ ಸಾಲಿಂದ ತಗೊಂಡ್ನಾ? ಅವರ ಸ್ವಂತ ಕಪಾಟಿಂದ ತಗೊಂಡೆ. ಮೊಮ್ಮಗಳಿಗೆ ಅಂತ ಎತ್ತಿಟ್ಟಿದ್ದು, ಅವಳ ಹೆಸರೇ ಅಂಟಿಸಿದಾರೆ, ನೋಡು. ಊರ ಮಕ್ಕಳಿಗೆ ಕೊಳೆತದ್ದು ಕೊಟ್ಟಾರು, ತಮ್ಮ ಮೊಮ್ಮಗಳಿಗೆ ಕೊಡ್ತಾರಾ?"

ನಿಜ, ಲೇಬಲ್ಲಿನ ಪಕ್ಕ ಪುಟ್ಟ ಚೀಟಿ ಅಂಟಿಸಿತ್ತು. ಮಾತಿನಲ್ಲಿ ಹೇಳಿದರೆ ಅವಳು ಕೇಳುವವಳಲ್ಲ. ಪ್ಲಾಸ್ಟಿಕ್ ಚೀಲದಿಂದ ಥಿನ್ನರ್ ಹತ್ತಿ ತೆಗೆದು ಲೇಬಲ್ಲಿನ ಮೇಲೆ ಒಂದು ಸಲ ಎಳೆದೆ. ನೀಲಿ ಶಾಯಿ ಹತ್ತಿಗೆ ಬಂತು. ಕೆಳಗಿನಿಂದ ಎರಡು ವರ್ಷದ ಹಿಂದಿನ ದಿನಾಂಕ ಮೇಲೆದ್ದಿತು.

"ನೋಡ್ಕೋ" ಎಂದು ಅವಳ ಮುಖಕ್ಕೆ ಹಿಡಿದೆ.

ಹಿಡಿದ ಮೇಲೆ ನನಗೆ ಬುದ್ಧಿ ಬಂತು. ಆದರೆ ಅವಳು ಆಗಲೇ ಓದಿಯಾಗಿತ್ತು.

ಎಷ್ಟೋ ಹೊತ್ತು ಆ ದಿನಾಂಕವನ್ನೇ ನೋಡಿದಳು. ಆಮೇಲೆ ಮೊಮ್ಮಗಳ ಹೆಸರಿನ ಚೀಟಿಯನ್ನು ನೋಡಿದಳು. ಬೆರಳಿನಿಂದ ಸವರಿದಳು.

"ಹಾಗಾದ್ರೆ ಅವರಿಗೆ ಗೊತ್ತಿರ್ಲಿಲ್ಲ" ಎಂದಳು.

ನಾನು ಬಾಟಲಿ ಹಿಂದಕ್ಕೆ ಎಳೆದುಕೊಂಡೆ.

"ಹೇಳಕ್ಕ. ಗೂಳಿ ಏನಂದ?"

"ಅವೆಲ್ಲ ಈಗ ಯಾಕೆ..."

"ನಂಗೊತ್ತಿಲ್ಲಮ್ಮ, ನಂಗೊತ್ತಿಲ್ಲಮ್ಮ ಅಂತಾನೇ ಕೂಗ್ತಿದ್ರು. ನಾನು ಬಾಯಿ ಮುಚ್ಚಿದೆ." ಅವಳ ಧ್ವನಿ ಕೂಸಿನ ಧ್ವನಿಯ ಹಾಗಿತ್ತು. "ಅನ್ನ ಕೊಟ್ಟವರು ಅಕ್ಕ. ನನ್ನ ಮದುವೆ ದಿನ ಅಂಗಡಿ ಮುಚ್ಚಿ ಬಂದಿದ್ರು."

ಅಪ್ಪಿಕೊಂಡೆ. ಮೈ ಕೆಂಡವಾಗಿತ್ತು. ಅಳಲಿ, ಅತ್ತು ಹಗುರಾಗಲಿ, ಆಮೇಲೆ ಹೊತ್ತುಕೊಂಡಾದರೂ ಆಸ್ಪತ್ರೆಗೆ ಹೋಗೋಣ ಎಂದುಕೊಂಡೆ. ಗಂಡ ಉಳಿದರೆ ಹೆಂಡತಿ ಜೈಲು, ಹೆಂಡತಿ ಉಳಿದರೆ ಗಂಡ. ಇರಲಿ, ಮೊದಲು ಜೀವ ಉಳಿಯಲಿ. ಆದರೆ ಅವಳು ಅಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಬಿಡಿಸಿಕೊಂಡು ಎದ್ದಳು.

"ಬರ್ತೀನಿ ಆಸ್ಪತ್ರೆಗೆ" ಎಂದಳು. "ಕೈ ಉರೀತಿದೆ. ಬಟ್ಟೇಲಿ ಸ್ವಲ್ಪ ಐಸ್ ಕಟ್ಟಿ ಕೊಡು."

ದೇವರು ಕಣ್ಣು ಬಿಟ್ಟ ಎಂದುಕೊಂಡು ಫ್ರಿಜ್ಜಿನ ಕಡೆ ತಿರುಗಿದೆ. ಹಿಂದೆ ಅಡುಗೆಮನೆಯ ಬಾಗಿಲು ಬಡಿಯಿತು. ಹೊರಗಿನಿಂದ ಚಿಲಕ ಬಿತ್ತು.

"ಏಯ್! ಏನು ಮಾಡ್ತಿದೀಯ? ತೆಗಿ ಬಾಗಿಲು!"

"ನೀನು ಒಳಗಿರು ಅಕ್ಕ. ಇದ್ರಲ್ಲಿ ನಿನ್ನ ಕೈ ಬೇಡ."

ಭುಜದಿಂದ ಗುದ್ದಿದೆ. ಹಳೆಯ ಮರದ ಬಾಗಿಲು, ಅಲುಗಲಿಲ್ಲ. ಕಿಟಕಿಗೆ ಕಬ್ಬಿಣದ ಸರಳು. ಫೋನು ನನ್ನ ಚೀಲದಲ್ಲಿತ್ತು, ಚೀಲ ಹೊರಗೆ ಕುರ್ಚಿಯ ಮೇಲೆ. ಮೇಜಿನ ಮೇಲಿನಿಂದ ಬೀಗದ ಕೈ ಎತ್ತಿಕೊಂಡ ಸದ್ದು ಕೇಳಿಸಿತು. ಚಪ್ಪಲಿ ಗೂಡಿನ ಬಾಗಿಲು ತೆರೆಯಿತು. ಏನೋ ಭಾರವಾದದ್ದು ಕೈಜಾರಿ ನೆಲಕ್ಕೆ ಬಿತ್ತು, ಕಲ್ಲಿಗೆ ಕಲ್ಲು ತಾಗಿದ ಸದ್ದು. ಮೂರು ದಿನದಿಂದ ಪೊಲೀಸರು ಹುಡುಕುತ್ತಿದ್ದ ಗುಂಡು.

"ಬೇಡ ಕಣೇ! ನಾಲ್ಕಕ್ಕೆ ಇನ್‌ಸ್ಪೆಕ್ಟರ್ ಬರ್ತಾನೆ! ಕಾನೂನು ನೋಡ್ಕೊಳ್ಳುತ್ತೆ! ನಿನ್ನ ಕಾಲಿಗೆ ಬೀಳ್ತೀನಿ, ಬೇಡ!"

ಮುಂಬಾಗಿಲು ಮುಚ್ಚಿತು. ಮೆಟ್ಟಿಲ ಮೇಲೆ ಹೆಜ್ಜೆ ಇಳಿದವು. ಜ್ವರದವಳ ಹೆಜ್ಜೆ, ಒಂದೊಂದೇ. ಆದರೆ ಎರಡೇ ಬೀದಿ.

ಅಡುಗೆಮನೆಯ ಕಪಾಟಿನ ಮೇಲೆ ಅವಳ ಅಲಾರಂ ಹೊಡೆಯತೊಡಗಿತು. ಪುಟ್ಟಿಗಾಗಿ ತಂದ ಅಲಾರಂ. ಗಂಟೆ ಎರಡೂ ನಲವತ್ತು, ಕೊನೆಯ ಎರಡು ಚಮಚದ ಹೊತ್ತು.

ಗೂಳಿ ಒದರಿದರೆ ಬೀದಿಯವರಾದರೂ ಓಡಿ ಬರುತ್ತಿದ್ದರು. ಆದರೆ ಅವನು ಒದರಲಾರ, ಓಡಲಾರ, ಕೈ ಅಡ್ಡ ಹಿಡಿಯಲಾರ. ಟೇಪು ನಾನೇ ಸುತ್ತಿದ್ದೆ.